ಬೆನ್ನಷ್ಟೇ ಕಂಡವನ ಮುಖ

"ನಿಮ್ಮ ಕಣ್ಣಿರೂದ್ರಾಗ ನಿಮ್ಮಜ್ಜನ ಮುಖ ತೋರಸ್ತೀನ್ರಿ."

1977ರ ಜೂನಿನಲ್ಲಿ, ಲಾಸ್ ಏಂಜಲೀಸಿನ ಹಳೆಯ ಚಿತ್ರಗಳ ದುರಸ್ತಿ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಸಾವಿತ್ರವ್ವ ಒಬ್ಬ ಮುದುಕರಿಗೆ ಕೊಟ್ಟ ಮಾತು ಇದು. ಕೊಟ್ಟದ್ದು ಇಂಗ್ಲಿಷಿನಲ್ಲಿ. ಏಳು ವರ್ಷದ ಮೇಲೆ ಈಗ ಅದನ್ನೆಲ್ಲ ನೆನೆದು ಹೇಳುವುದು ತಮ್ಮೂರು ಗುಳೇದಗುಡ್ಡದ ಮಾತಿನಲ್ಲಿ.

ಬೆಳಗಿನ ಆರು ಗಂಟೆ. ಟೊರೆನ್ಸಿನ ಮನೆಯಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ, ಚಹಾ ಕೂಡ ಕುಡಿಯದೆ ಕಾರು ಡ್ರೈವ್ ಮಾಡಿಕೊಂಡು ಬಂದ ಸಾವಿತ್ರವ್ವ ಅಂಗಡಿಯ ಉತ್ತರದ ಕಿಟಕಿಯ ಪರದೆ ಸರಿಸುತ್ತಾರೆ. ಬಿದಿರು ಕಡ್ಡಿಯ ತುದಿಗೆ ಹತ್ತಿ ಸುತ್ತುತ್ತಾರೆ, ದೀಪದ ಬತ್ತಿ ಹೊಸೆದಷ್ಟೇ ಸಲೀಸಾಗಿ. ಅದನ್ನು ನಾಲಿಗೆಗೆ ಒತ್ತಿ, ಎದುರಿಗಿರುವ ಹಸುವಿನ ಚಿತ್ರದ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹಸುವಿನ ಕೊಂಬು ಬೆಳ್ಳಗಾಗುತ್ತದೆ. ಆ ಕಡ್ಡಿ ಬುಟ್ಟಿಗೆ ಬೀಳುತ್ತದೆ. ಇನ್ನೊಂದು ಕಡ್ಡಿ, ಮತ್ತೊಂದು. ಹನ್ನೊಂದರ ಹೊತ್ತಿಗೆ ಅರವತ್ತು ಕಡ್ಡಿ ಮುಗಿದು ಅಂಗೈಯಗಲ ಜಾಗ ತಿಳಿಯಾಗಿರುತ್ತದೆ.

ಹೊಗೆ, ಜಿಡ್ಡು ಬಿಡಿಸಿಯೂ ಹಳೆಯ ಬಣ್ಣಕ್ಕೆ ಪೆಟ್ಟು ಮಾಡದ ನೀರೆಂದರೆ ಮನುಷ್ಯರ ಬಾಯಿಯದು. ಈ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ. "ಹಸದ ಬಾಯಿನ ಚಲೋರಿ. ಒಂದ್ ಕಪ್ ಚಾ ಕುಡದೆ ಅಂದ್ರ ಆ ಹೊತ್ತಿನ ಕೆಲಸ ಹೋತು," ಎನ್ನುತ್ತಾರೆ.

ಗಂಡ ನೀಲಕಂಠಪ್ಪ ವಿಮಾನದ ಬಿಡಿಭಾಗ ಮಾಡುವ ಕಂಪನಿಗೆ ಎಂಜಿನಿಯರಾಗಿ ಬಂದದ್ದು 1968ರಲ್ಲಿ. ನಾಲ್ಕು ವರ್ಷದ ಮೇಲೆ ಸಾವಿತ್ರವ್ವ ಈ ಅಂಗಡಿಯಲ್ಲಿ ಚೌಕಟ್ಟುಗಳ ಧೂಳು ಹೊಡೆಯಲು ಸೇರಿದರು. ಹತ್ತಿ ಹೊಸೆಯುವ ಅವರ ಬೆರಳು ನೋಡಿ ಒಡತಿ ಮಿಸೆಸ್ ಕೊವಾಚ್ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಈ ಹನ್ನೆರಡು ವರ್ಷದಲ್ಲಿ ಸಾವಿತ್ರವ್ವನ ಕತ್ತು ಹಿಡಿದುಕೊಂಡಿದೆ, ಕನ್ನಡಕದ ಗಾಜು ಎರಡು ಸಲ ದಪ್ಪವಾಗಿದೆ. ಮ್ಯೂಸಿಯಮ್ಮಿನ ಗೋಡೆಯ ಚೀಟಿಯಲ್ಲಿ ಚಿತ್ರ ಬರೆದವರ ಹೆಸರು, ದಾನ ಕೊಟ್ಟವರ ಹೆಸರು ಇರುತ್ತದೆ. ತೊಳೆದವರದು ಇರುವುದಿಲ್ಲ. ನಾರ್ತ್‌ರಿಜ್‌ನಲ್ಲಿ ಕನ್ನಡದವರೆಲ್ಲ ಯುಗಾದಿ ಊಟಕ್ಕೆ ಸೇರಿದಾಗ ಬೆಂಗಳೂರಿನ ಹುಡುಗನೊಬ್ಬ, "ಪೇಂಟಿಂಗ್ ಕೆಲಸಾನಾ ಆಂಟಿ? ಹಾಗಾದ್ರೆ ನಮ್ಮ ಗ್ಯಾರೇಜಿಗೂ ಒಂದು ಕೋಟ್ ಹೊಡೆದುಬಿಡಿ," ಎಂದಿದ್ದ. "ಏಣಿ ನೀ ಹಿಡಿ, ಹೊಡೀತೀನಿ," ಎಂದು ಇವರು ಹೋಳಿಗೆ ಬಡಿಸಿದ್ದರು.

1977ರಲ್ಲಿ ಮಾತು ಪಡೆದ ಆ ಮುದುಕರ ಹೆಸರು ಫೌಸ್ತಿನೊ. ಸ್ಯಾನ್ ಡಿಯಾಗೊದಲ್ಲಿ ನೆಲೆಸಿರುವ ಫಿಲಿಪಿನೊ. ನೌಕಾಪಡೆಯ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅವತ್ತು ಬಸ್ಸಿನಲ್ಲಿ, ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಮೊಳದುದ್ದದ ಒಂದು ಚಿತ್ರ ತಂದಿದ್ದರು. ಹೊಗೆ ಹಿಡಿದ ಹಂಚಿನಷ್ಟು ಕಪ್ಪು.

ಅದರ ಕಥೆ ಹೀಗೆ. ನೂರು ವರ್ಷದ ಹಿಂದೆ ಸ್ಪೇನಿಗೆ ಹೋಗಿದ್ದ ಫಿಲಿಪೀನ್ಸಿನ ಚಿತ್ರಕಾರರೊಬ್ಬರು, ಸೋತ ಸೈನ್ಯ ದೋಣಿಗಳಲ್ಲಿ ಹಿಂದಿರುಗುವ ಒಂದು ಇತಿಹಾಸದ ಚಿತ್ರವನ್ನು ಗೋಡೆಯಗಲ ಬರೆದರು. ಮುಂದಿನ ದೋಣಿಯಲ್ಲಿ ಹುಟ್ಟು ಹಾಕುವವನಿಗೆ ಮಾದರಿಯಾಗಿ ಮೂರು ತಿಂಗಳು ಕೂತವನು ಫೌಸ್ತಿನೊ ಅವರ ಅಜ್ಜ, ಆಗ ಹಡಗಿನ ಕೂಲಿ. ದೊಡ್ಡ ಚಿತ್ರದಲ್ಲಿ ಕಾಣುವುದು ಅವನ ಬೆನ್ನು ಮಾತ್ರ. ಕೊನೆಯ ದಿನ ಚಿತ್ರಕಾರರು ಅವನನ್ನು ತಮ್ಮ ಕಡೆ ತಿರುಗಿಸಿ, ಮುಖವನ್ನೊಂದು ಸಣ್ಣ ಬಟ್ಟೆಯ ಮೇಲೆ ಬರೆದು ಅವನಿಗೇ ಕೊಟ್ಟರು. ಅದು ಊರಿನ ಮನೆಯಲ್ಲಿ ಒಲೆಯ ಮೇಲಿನ ಗೋಡೆಯಲ್ಲಿ ಎಂಬತ್ತು ವರ್ಷ ತೂಗಿತು. ಮುಖ ಮಸಿಯೊಳಗೆ ಹೋಯಿತು. ಅದನ್ನು ಕಂಡವರು ಈಗ ಯಾರೂ ಇಲ್ಲ.

ಫೌಸ್ತಿನೊ ಅವರ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೆ ಡಾಕ್ಟರು ಒಂದೂವರೆ ವರ್ಷದ ಗಡುವು ಹೇಳಿದ್ದರು.

ಅಂಗಡಿಯ ಸಮಯವೆಲ್ಲ ಮ್ಯೂಸಿಯಮ್ಮುಗಳ ಕೆಲಸಕ್ಕೆ. ಬೇಕಾದರೆ ಬಾಗಿಲು ತೆರೆಯುವ ಮುಂಚೆ ಮಾಡಿಕೋ, ಬಾಯಿಯ ನೀರು ಬಿಟ್ಟು ಬೇರೇನೂ ಮುಟ್ಟಿಸಬೇಡ ಎಂದರು ಮಿಸೆಸ್ ಕೊವಾಚ್. ಅಲ್ಲಿಯವರೆಗೆ ಸಾವಿತ್ರವ್ವ ಬೆಟ್ಟ, ಹಡಗು, ಹೂವಿನ ಚಿತ್ರಗಳನ್ನಷ್ಟೇ ತೊಳೆದವರು. ಇದು ಒಬ್ಬರ ಮನೆಯ ಹಿರಿಯರ ಮುಖ.

"ಅಡಗಿ ಮಾಡುಮುಂದ ಉಪ್ಪಿನ ರುಚಿ ಸೈತ ನೋಡಾಕಿ ಅಲ್ರಿ ನಾ. ಸತ್ತ ಹಿರ್ಯಾರ ಮಾರಿಗೆ ಎಂಜಲಾ ಹೆಂಗ ಹಚ್ಚಲಿ?"

ಹಚ್ಚಲಿಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ಹತ್ತಿ ಅದ್ದಿ ಪ್ರತಿದಿನ ಬೆಳಿಗ್ಗೆ ಉರುಳಿಸಿದರು. ಮಸಿ ಕದಲಲಿಲ್ಲ. "ಕೊಡು, ನಾನೇ ಮಾಡುತ್ತೇನೆ," ಎಂದ ಮಿಸೆಸ್ ಕೊವಾಚ್‌ಗೂ ಕೊಡಲಿಲ್ಲ; ಅದೂ ಎಂಜಲೇ. ಮಗಳು ಚಿತ್ರಾ ಅಡುಗೆಮನೆಯಲ್ಲಿ ನಕ್ಕಳು: "ಅಮ್ಮಾ, ಇಟ್ಸ್ ಜಸ್ಟ್ ಸ್ಪಿಟ್." "ನಿನಗ ಜಸ್ಟ್," ಎಂದರು ಇವರು. ಸ್ಯಾನ್ ಡಿಯಾಗೊದಿಂದ ಫೋನ್ ಬಂದಾಗಲೆಲ್ಲ, "ನಡದೈತ್ರಿ," ಎಂದರು. ಹಾಗೆ ಎಂಟು ತಿಂಗಳು ಹೋಯಿತು.

ಫೆಬ್ರವರಿಯಲ್ಲಿ ಫೌಸ್ತಿನೊ ಹೇಳದೆ ಕೇಳದೆ ಬಂದರು. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಮಿಸೆಸ್ ಸಾವಿ, ಇದು ನಾ ತಂದಾಗ ಇದ್ದಂಗ ಐತಲ್ಲ?"

ಸಾವಿತ್ರವ್ವ ಇದ್ದದ್ದನ್ನು ಇದ್ದಂತೆ ಹೇಳಿದರು. ಮುದುಕರು ನಕ್ಕರು. "ನಮ್ಮಜ್ಜಿ ಚರ್ಚಿನ ಬಾಗಲದಾಗ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ನನ್ನ ಮಾರಿ ಒರಸ್ತಿದ್ಲು. ಅಜ್ಜಗೂ ಒರಸಿರಬೇಕು, ಕುಡದು ಬಂದಾಗ."

ಜಾತ್ರೆಗೆ ಹೊರಟಾಗ ತಮ್ಮವ್ವ ಸೆರಗಿನ ತುದಿ ನಾಲಿಗೆಗೆ ಹಚ್ಚಿ ಕೆನ್ನೆಯ ಕಾಡಿಗೆ ತೆಗೆಯುತ್ತಿದ್ದದ್ದು ಸಾವಿತ್ರವ್ವನಿಗೆ ಆಗ ನೆನಪಾಯಿತು. "ಎಂಟ ತಿಂಗಳು ಇದು ಯಾಕ ನೆನಪಾಗಲಿಲ್ಲೋ ಏನೋ," ಎನ್ನುತ್ತಾರೆ ಈಗಲೂ.

ಮಾರನೆಯ ಬೆಳಿಗ್ಗೆ ಮೊದಲ ಕಡ್ಡಿ ಬಾಯಿಗೆ ಹೋಯಿತು. ಕಸುಬಿನ ಕ್ರಮದಂತೆ ಅಂಚಿನಿಂದ ಶುರು, ಮುಖ ಕಟ್ಟಕಡೆಗೆ, ಕೈ ತಪ್ಪಿದರೆ ಅಂಚಿನಲ್ಲೇ ತಪ್ಪಲಿ ಎಂದು. ದಿನಕ್ಕೆ ಸಿಕ್ಕದ್ದು ಎರಡು ತಾಸು, ರೂಪಾಯಿಯಗಲ ಜಾಗ. ಬೇಸಿಗೆಗೆ ಕೋಟು ಬಂತು, ಅಕ್ಟೋಬರಿಗೆ ಕೊರಳಪಟ್ಟಿ. 1979ರ ಜನವರಿಯಲ್ಲಿ ಮುಖ.

ಚಿತ್ರವನ್ನು ತಾವೇ ಕಾರಿನಲ್ಲಿ ಸ್ಯಾನ್ ಡಿಯಾಗೊಗೆ ಒಯ್ದು ಕೊಟ್ಟರು. ಫೌಸ್ತಿನೊ ಅದನ್ನು ತೊಡೆಯ ಮೇಲಿಟ್ಟುಕೊಂಡು, "ಹೆಂಗದಾನ?" ಎಂದು ಕೇಳಿದರು.

"ಎಡಗಡೆ ಹುಬ್ಬಿನಾಗ ಗಾಯದ ಗುರುತೈತ್ರಿ. ಮುಗುಳುನಗಿ ಇಲ್ಲ, ದಣಿದಾರ. ಕಿವಿ ಮಾತ್ರ ನಿಮ್ಮುವ."

ಮುದುಕರು ತಮ್ಮ ಕಿವಿ ಎರಡನ್ನೂ ಮುಟ್ಟಿ ನೋಡಿಕೊಂಡರು. ಇವತ್ತಿಗೂ ಪ್ರತಿ ಹೊಸ ವರ್ಷಕ್ಕೆ ಫೋನ್ ಮಾಡಿ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ. ಸಾವಿತ್ರವ್ವ ಹುಬ್ಬಿನಿಂದಲೇ ಶುರು ಮಾಡುತ್ತಾರೆ.

"ಎಂಜಲಾದೀತಂತ ಅಂಜಿದಾಕಿ ನಾ. ಕಣ್ಣು ಹೋಗಿದ್ದು ಅವರದು," ಎನ್ನುತ್ತ ಹೊಸ ಕಡ್ಡಿಗೆ ಹತ್ತಿ ಸುತ್ತುತ್ತಾರೆ. ಮುಖ ತಿಳಿಯಾಗುವುದಕ್ಕೆ ಮೂರು ತಿಂಗಳ ಮುಂಚೆ ಫೌಸ್ತಿನೊ ಅವರ ಎಡಗಣ್ಣೂ ಹೋಗಿತ್ತು. ಕೊಟ್ಟ ಮಾತು ನಡೆಯಲಿಲ್ಲ.