ಅರ್ಧಕ್ಕೆ ನಿಂತ ಕಟಿಂಗ್

ಯುದ್ಧ ನಿಂತಿತು ಎಂದು ಟಿವಿಯವರು ಹೇಳಿದ ದಿನ ಅದು ನಿಮ್ಮ ಮನೆಯಲ್ಲಿ ನಿಲ್ಲುತ್ತದೆ. ಹೋಗಿ ಬಂದವನ ಮನೆಯಲ್ಲಿ ನಿಲ್ಲುವುದಿಲ್ಲ. ಇದೇನೂ ಗುಟ್ಟಲ್ಲ, ನಿಮಗೆ ಗೊತ್ತಿರಬೇಕಾದದ್ದೇ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೂತಿದ್ದೀರಿ, ಅದಕ್ಕೇ ಈ ಕ್ಷೌರಿಕನ ಕತೆ ಹೇಳಬೇಕಾಗಿದೆ.

ಮಾರುಕಟ್ಟೆಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಅವನ ಸಲೂನು. ಎರಡು ಕುರ್ಚಿ, ಮುಂದೊಂದು ಉದ್ದ ಕನ್ನಡಿ, ಹಿಂದೊಂದು ಉದ್ದ ಕನ್ನಡಿ, ಪಕ್ಕದ ಗೋಡೆಗೆ ಬೆಂಚು, ಬೆಂಚಿನವರಿಗೆ ಕಾಣುವಂತೆ ಎತ್ತರದಲ್ಲಿ ಟಿವಿ. ಅವನ ಕೈ ಹಗುರ ಎಂದು ಊರೇ ಹೇಳುತ್ತಿತ್ತು. ಕಟಿಂಗ್ ಮುಗಿದ ಮೇಲೆ ಗಿರಾಕಿಯ ಕೊರಳಿನಿಂದ ಬಟ್ಟೆ ಬಿಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ಒಂದೇ ಸಲ ಕೊಡವುತ್ತಿದ್ದ. ಫಟ್. ಸೈಕಲ್ ಅಂಗಡಿಗೂ ಕೇಳುವ ಸದ್ದು. ಮುಂದಿನವನಿಗೆ ಅದೇ ಕರೆ. ಬೆಂಚಿನ ಮೇಲೆ ತೂಕಡಿಸುತ್ತಿದ್ದವನೂ ಆ ಸದ್ದಿಗೆ ಎದ್ದು ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಮೀಸೆ ಮೂಡುವ ವಯಸ್ಸಿನಲ್ಲಿ ಕಲಿತ ಶೋಕಿ ಅದು, ಕೈಗೆ ಅಂಟಿಕೊಂಡುಬಿಟ್ಟಿತ್ತು.

ಎರಡನೆಯ ಕುರ್ಚಿ ಮಗನದು. ಅಪ್ಪನ ಹತ್ತಿರವೇ ಕೆಲಸ ಕಲಿತು, ಆಮೇಲೆ ಸೈನ್ಯ ಸೇರಿದ. ಯುದ್ಧವಾಯಿತು. ಮಗ ಬಂದ. "ಕೈಕಾಲು ಗಟ್ಟಿಯಾಗಿ ಬಂದಿದಾನಲ್ಲ, ಇನ್ನೇನು ಬೇಕು ನಿಂಗೆ?" ಎಂದರು ಎಲ್ಲರೂ. ಅಪ್ಪನೂ ಹಾಗೇ ಅಂದುಕೊಂಡ. ಮಗ ಮತ್ತೆ ಎರಡನೆಯ ಕುರ್ಚಿಯ ಹಿಂದೆ ನಿಂತ. ಅಪ್ಪ ಬಟ್ಟೆ ಕೊಡವಿದಾಗಲೆಲ್ಲ ಅವನ ಕತ್ತರಿ ಅರ್ಧಕ್ಕೇ ನಿಲ್ಲುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಯುದ್ಧ ನೋಡಿದವನ ಕೈಯಲ್ಲಿ ದಾಡಿ ಮಾಡಿಸಿಕೊಳ್ಳುವ ಚಪಲಕ್ಕೆ ಬೆಂಚು ತುಂಬಿತು.

ಬಂದವರಲ್ಲಿ ಒಬ್ಬ 'ರೇಡಿಯೋ'. ಬಾಯಿಗೆ ಬಿಡುವಿಲ್ಲದ್ದಕ್ಕೆ ಊರು ಕೊಟ್ಟ ಹೆಸರು. ಯುದ್ಧದ ಅಷ್ಟೂ ದಿನ ಇದೇ ಬೆಂಚಿನ ಮೇಲೆ ಕೂತು, ತೊಡೆ ತಟ್ಟಿ, "ಬಿಡಬಾರದು, ಒಬ್ಬನನ್ನೂ ಬಿಡಬಾರದು" ಎಂದು ಟಿವಿಗೆ ಬುದ್ಧಿ ಹೇಳಿದವನು. ಮುಖದ ತುಂಬ ಸೋಪು ಹಚ್ಚಿಸಿಕೊಂಡು ಮಗನನ್ನು ಕೇಳಿದ, "ಲೇ, ನಿಜ ಹೇಳೋ, ಎಷ್ಟು ಜನರನ್ನ ಉರುಳಿಸ್ದೆ? ಒಂದು ಕೈ ಬೆರಳು ಸಾಕಾ, ಎರಡೂ ಬೇಕಾ?"

ಬೆಂಚು ಹಲ್ಲು ಕಿಸಿಯಿತು. ಮಗ ಕತ್ತಿಯನ್ನು ಕೆಳಗಿಟ್ಟ. ತೊಳೆದ, ಒರೆಸಿದ, ಮಡಚಿದ. ಹೊರಟುಹೋದ.

"ನಿನ್ನ ಮಗನಿಗೆ ಸ್ವಲ್ಪ ಕೊಬ್ಬು ಬಂದಿದೆ ಕಣಪ್ಪ," ಎಂದ ರೇಡಿಯೋ, ಸೋಪಿನ ಮುಖದಲ್ಲೇ.

"ಬೇಜಾರು ಮಾಡ್ಕೋಬೇಡಿ," ಎಂದು ಅಪ್ಪ ತಾನೇ ದಾಡಿ ಮಾಡಿ ಮುಗಿಸಿದ. ಕ್ಷಮೆ ಕೇಳಿದವನು ಯಾರು ನೋಡಿ.

ಅಂದಿನಿಂದ ಮಗ ಅಂಗಡಿಗೆ ಬರಲಿಲ್ಲ. ಗಡ್ಡ ಎದೆಗಿಳಿಯಿತು, ಕೂದಲು ಕಿವಿ ಮುಚ್ಚಿತು. ಮನೆಯಲ್ಲಿ ಬಾಗಿಲು ಕಾಣುವಂತೆ, ಬೆನ್ನನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದ. ಹಿಂದಿನಿಂದ ಯಾರೂ ಸುಳಿಯುವಂತಿರಲಿಲ್ಲ. ಅವನ ತಾಯಿ ಕೋಣೆಗೆ ಹೋಗುವ ಮೊದಲು ಸುಮ್ಮನೆ ಕೆಮ್ಮುವುದನ್ನು ಕಲಿತಳು.

"ಯಾರೋ ಬಾಡಿಗೆಯವನು ಇದ್ದಂಗಿದೆ ರೀ," ಎಂದಳು ಗಂಡನಿಗೆ. "ತಟ್ಟೆ ಇಟ್ರೆ ಥ್ಯಾಂಕ್ಸ್ ಅಂತಾನೆ. ಹೆತ್ತ ತಾಯಿಗೆ ಥ್ಯಾಂಕ್ಸ್. ನಿಮ್ಮ ಕೈಗಾದ್ರೂ ತಲೆ ಕೊಡ್ತಾನೇನೋ ನೋಡಿ. ಚಿಕ್ಕೋನಿದ್ದಾಗ ನಿಮ್ಮ ಕತ್ತರಿ ಸದ್ದಿಗೇ ನಿದ್ದೆ ಹೋಗ್ತಿದ್ದ."

ಅಪ್ಪನ ತಲೆಯೊಳಗೆ ಅದೇ ಹೊಕ್ಕಿತು. ಒಂದು ಸಲ ತಲೆ ಮುಟ್ಟಲು ಬಿಟ್ಟರೆ ಸಾಕು, ಮಗ ವಾಪಸ್ ಬಂದಂತೆ. ಕೇಳಿ ಕೇಳಿ, ಬೇಡಿ ಬೇಡಿ, ಕೊನೆಗೆ ಅಂಗಡಿಗೆ ವಾರದ ರಜೆಯಿದ್ದ ದಿನ ಒಪ್ಪಿಸಿ ಕರೆತಂದ. ಶಟರ್ ಅರ್ಧಕ್ಕೆ ಎಳೆದ. ಮಗ ಕುರ್ಚಿಯ ಹತ್ತಿರ ಬಂದು ನಿಂತುಬಿಟ್ಟ.

"ಏನಾಯ್ತೋ?"

"ಆ ಎರಡು ಕನ್ನಡಿ. ಹಿಂದೆ ತುಂಬಾ ಜನ ಕಾಣ್ತಾರೆ ಅಪ್ಪ."

ಅಂಗಡಿಯಲ್ಲಿದ್ದದ್ದು ಅವರಿಬ್ಬರೇ. ಅಪ್ಪ ಹಳೆಯ ಬೆಡ್‌ಶೀಟು ತಂದು ಹಿಂದಿನ ಕನ್ನಡಿಗೆ ಹೊದಿಸಿದ. ಕ್ಷೌರಿಕ ನಿಲ್ಲುವುದು ಗಿರಾಕಿಯ ಹಿಂದೆ. ಇವನು ಎದುರಿಗೆ ನಿಂತ. ಸೊಂಟ ಬಗ್ಗಿಸಿ, ಮಗನ ಭುಜದ ಮೇಲಿಂದ ಕೈ ಚಾಚಿ, ಮಾಡುವುದನ್ನೆಲ್ಲ ಮೊದಲೇ ಹೇಳಿ ಹೇಳಿ ಮಾಡಿದ.

"ಈಗ ನೀರು. ಈಗ ಬಾಚಣಿಗೆ. ಈಗ ಎಡ ಕಿವಿ ಹತ್ರ ಕತ್ತರಿ. ಅಲ್ಲಾಡಬೇಡ, ಕಿವಿ ಹೋದ್ರೆ ನಿಮ್ಮಮ್ಮ ನನ್ನನ್ನ ಮನೆಗೆ ಸೇರಿಸಲ್ಲ."

"ಹೋಗ್ಲಿ ಬಿಡಪ್ಪ. ಕೇಳಬಾರದ್ದೇ ಕೇಳುತ್ತೆ ಅದು."

ತಮಾಷೆಗೆ ತಮಾಷೆ. ಮಗ ಬಂದ ಮೇಲೆ ಇದೇ ಮೊದಲು. ಎಡಭಾಗ ಮುಗಿಯುವ ಹೊತ್ತಿಗೆ ಅವನ ಕಣ್ಣು ಮುಚ್ಚಿದ್ದವು, ಬಿಗಿದ ಕತ್ತು ಸಡಿಲವಾಗಿತ್ತು.

"ಕೊರಳಲ್ಲಿ ಕೂದಲು ಚುಚ್ತಿದೆ," ಎಂದ, ನಿದ್ದೆಗಣ್ಣಿನ ದನಿಯಲ್ಲಿ.

ಅಪ್ಪನ ಮನಸ್ಸು ಅದೆಷ್ಟು ಹಗುರವಾಗಿತ್ತೆಂದರೆ, ಕೈ ತನ್ನ ಪಾಡಿಗೆ ಹಳೆಯ ದಾರಿ ಹಿಡಿಯಿತು. ಬಟ್ಟೆ ಬಿಚ್ಚಿದ. ಒಂದು ಹೆಜ್ಜೆ ಹಿಂದೆ ಸರಿದ. ಕೊಡವಿದ.

ಫಟ್.

ಏನಾಯಿತೆಂದು ತಿಳಿಯುವಷ್ಟರಲ್ಲಿ ಅಪ್ಪ ನೆಲದ ಮೇಲೆ ಬೋರಲು ಬಿದ್ದಿದ್ದ. ಮೇಲೆ ಮಗ. ಮೈಯಿಂದ ಮೈ ಮುಚ್ಚಿ, ಅಪ್ಪನ ತಲೆಯನ್ನು ವಾಶ್‌ಬೇಸಿನ್ನಿನ ಕೆಳಗೆ ಒತ್ತಿಹಿಡಿದಿದ್ದ. "ಏಳಬೇಡ. ತಲೆ ಎತ್ತಬೇಡ," ಎಂದು ಯಾವುದೋ ಹೆಸರು ಹಿಡಿದು ಕರೆದ. ಮನೆಯವರ ಹೆಸರಲ್ಲ, ಊರಿನವರದ್ದೂ ಅಲ್ಲ. ಮಗನ ಎದೆ ಹೊಡೆದುಕೊಳ್ಳುವುದು ಅಪ್ಪನ ಬೆನ್ನಿಗೆ ತಾಗುತ್ತಿತ್ತು.

"ಏಳಲ್ಲ ಕಣೋ," ಎಂದ ಅಪ್ಪ. "ಇಲ್ಲೇ ಇದೀನಿ."

ಆಗ ಅರ್ಧ ಶಟರಿನ ಕೆಳಗಿನಿಂದ ಒಂದು ಮುಖ ತೂರಿತು. ರೇಡಿಯೋ. "ಏನ್ರಪ್ಪಾ, ಅಪ್ಪ ಮಗ ಕುಸ್ತಿನಾ? ಗೆದ್ದೋರು ಯಾರು?"

ಮಗ ಎದ್ದ. ಅಪ್ಪನ ಮುಖ ನೋಡಲಿಲ್ಲ. ಒಂದು ಪಕ್ಕ ನುಣುಪು, ಒಂದು ಪಕ್ಕ ಕಾಡು, ಅದೇ ತಲೆ ಹೊತ್ತು ಮಾರುಕಟ್ಟೆಯ ನಡುವೆ ನಡೆದುಹೋದ. ಸಂಜೆಯೊಳಗೆ ರೇಡಿಯೋ ಊರಿಗೆಲ್ಲ ಪ್ರಸಾರ ಮಾಡಿದ್ದ: "ಅರ್ಧ ಮಿಲಿಟರಿ, ಅರ್ಧ ಸನ್ಯಾಸಿ." ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕವರು ಕೆಟ್ಟವರೇನಲ್ಲ. ಯುದ್ಧದ ದಿನಗಳಲ್ಲಿ ಇದೇ ಹುಡುಗರಿಗಾಗಿ ಕಣ್ಣೀರು ಹಾಕಿದ್ದವರೇ. ಅಳುವುದಕ್ಕೆ ಖರ್ಚಿಲ್ಲ, ನಗುವುದಕ್ಕೂ ಇಲ್ಲ.

ಅಂದಿನಿಂದ ಆ ಸಲೂನಿನಲ್ಲಿ ಬಟ್ಟೆ ಕೊಡವುವುದಿಲ್ಲ. ಹಸುಗೂಸನ್ನು ಎತ್ತಿಕೊಂಡವನ ಹಾಗೆ ಬಟ್ಟೆಯನ್ನು ಒಳಕ್ಕೆ ಮಡಚಿ, ಕಸದ ಡಬ್ಬಿಯ ತನಕ ಒಯ್ದು, ಮೆಲ್ಲಗೆ ಸುರಿಯುತ್ತಾನೆ. ಟಿವಿಯ ಪ್ಲಗ್ ಕಿತ್ತಿದ್ದಾನೆ. ಕೇಳಿದರೆ, "ಕೆಟ್ಟಿದೆ." ಹಿಂದಿನ ಕನ್ನಡಿಗೆ ಬೆಡ್‌ಶೀಟು ಹಾಗೇ ಇದೆ.

"ಟಿವಿನೂ ಕೆಟ್ಟಿದೆ, ನಿನ್ನ ಕೈನೂ ಸೋತಿದೆ. ಅಂಗಡಿ ಮುಚ್ಚೋ ಯೋಚನೆನಾ ಅಣ್ಣಾ?" ಎಂದವರು ಬೇರೆ ಸಲೂನು ಹುಡುಕಿಕೊಂಡರು. ಅವನಿಗೆ ತಡೆಯುವ ತ್ರಾಣವಿರಲಿಲ್ಲ.

ಕೆಲವು ವಾರದ ಹಿಂದೆ ಒಂದು ಮಧ್ಯಾಹ್ನ ಮಗ ಊಟದ ಡಬ್ಬಿ ಹಿಡಿದು ಬಂದ. ತಲೆಗೆ ಟೋಪಿ. ಹೊಸಿಲಲ್ಲೇ ನಿಂತ. ಒಳಗೆ ಅಪ್ಪ ಒಬ್ಬರ ಕಟಿಂಗ್ ಮುಗಿಸಿ, ಬಟ್ಟೆ ಬಿಚ್ಚಿ, ಸದ್ದಿಲ್ಲದೆ ಮಡಚಿದ. ಮಗ ಅದನ್ನು ನೋಡಿದ. ಬೆಡ್‌ಶೀಟನ್ನೂ ನೋಡಿದ. ಒಳಗೆ ಬಂದು ಬೆಂಚಿನ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತ.

ಅಷ್ಟರಲ್ಲಿ ರೇಡಿಯೋ ಬಂದ. ಮೂಲೆ ಕಡೆ ನೋಡಿ ಬಾಯಿ ತೆರೆದ.

"ದಾಡಿ ತಾನೇ? ಕೂತ್ಕೊಳ್ಳಿ," ಎಂದ ಅಪ್ಪ, ಬ್ರಶ್ ನೆನೆಸುತ್ತ. "ಬಾಯಿ ತೆರೆದ್ರೆ ಸೋಪು ಒಳಗೆ ಹೋಗುತ್ತೆ." ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ ಇತ್ತು. ರೇಡಿಯೋಗೂ ಅದು ಕೇಳಿಸಿರಬೇಕು. ಬಾಯಿ ಮುಚ್ಚಿದ.

ಮಗ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ. ಮರುದಿನ ಮತ್ತೆ ಬಂದ. ಈಗ ದಿನವೂ ಬರುತ್ತಾನೆ, ಕೂರುತ್ತಾನೆ, ಹೋಗುತ್ತಾನೆ. ಕುರ್ಚಿಗೆ ಇನ್ನೂ ಏರಿಲ್ಲ. ಟೋಪಿಯ ಕೆಳಗೆ ಒಂದು ಪಕ್ಕ ಇನ್ನೂ ಬಾಕಿ ಇದೆ. ಅಪ್ಪ ಕತ್ತರಿಗೆ ಎಣ್ಣೆ ಹಾಕಿ ಕಾಯುತ್ತಿದ್ದಾನೆ.

ಆ ಬೆಂಚಿನಿಂದ ಕುರ್ಚಿಗಿರುವ ದೂರವನ್ನು ಅವನು ದಾಟುವುದು ಬಿಡುವುದು ಅಪ್ಪನ ಕೈಯಲ್ಲಿಲ್ಲ, ಬೆಂಚಿನವರ ಬಾಯಲ್ಲಿದೆ. ಬೆಂಚಿನವರೆಂದರೆ ನೀವೇ. ನಿಮ್ಮ ಬೀದಿಯಲ್ಲೂ ಒಂದು ಸಲೂನಿದೆ, ಅಲ್ಲೂ ಟೋಪಿ ಹಾಕಿದವನೊಬ್ಬ ಮೂಲೆಯಲ್ಲಿ ಕೂತಿರುತ್ತಾನೆ. ಎಷ್ಟು ಜನರನ್ನು ಕೊಂದೆ ಎಂದು ಕೇಳಬೇಡಿ. ಭೇಷ್ ಎನ್ನಬೇಡಿ, ಪಾಪ ಎನ್ನಬೇಡಿ. ಗೋಡೆ ಬದಿಯ ಜಾಗವನ್ನು ಅವನಿಗೆ ಬಿಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿ.