ಬರಿಗಾಲಿನ ಸಾಹೇಬರು

ತಾರಸಿ ತೋಟ ಮಾಡುವವರಿಗೆ ಪಾಲಿಕೆಯಿಂದ ಬೀಜ, ಗೊಬ್ಬರ ಹಂಚಲು ದಾವಣಗೆರೆಯ ನಮ್ಮ ಬಡಾವಣೆಗೆ ಬರುವ ಉಜ್ಜನಪ್ಪ ಸಾಹೇಬರು, ಒಂದೇ ಒಂದು ಬದನೆ ಕುಂಡವಿದ್ದರೂ ಅದನ್ನು ಹೊಲವೆಂದೇ ಕರೆಯುತ್ತಾರೆ. “ಹೊಲ ಹೆಂಗೈತ್ರಿ? ಕಳೆ ತೆಗ್ಸಿದ್ರಾ?” ಎಂದು ವಿಚಾರಿಸಿ, ಮಣ್ಣು ಮೂಸಿ, ಚೀಲದಿಂದ ಮಂಡಕ್ಕಿ ತೆಗೆದು, ನಮ್ಮ ಗಿಡದ ಮೆಣಸಿನಕಾಯಿ ಕಚ್ಚಿ, ಕಣ್ಣೀರು ಸುರಿಸುತ್ತ “ಫಸಲು ಬೇಷೈತೆ” ಎಂದು ತೀರ್ಪು ಕೊಡುತ್ತಾರೆ. ಏಪ್ರಿಲ್ ಬಿಸಿಲಲ್ಲೂ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಬಂದು, ಕಾದ ಸಿಮೆಂಟಿನ ಮೇಲೆ ಕುಣಿದಾಡುತ್ತಾರೆ. “ಕಾಲು ಸುಡ್ತಾವು, ಹಾಕ್ಕೊಳ್ರಿ ಸಾಹೇಬ್ರೆ” ಎಂದು ಒಮ್ಮೆ ಹೇಳಿದೆ. “ರಾಶಿ ಕಣಕ್ಕೆ ಯಾರಾದ್ರೂ ಚಪ್ಲಿ ಹಾಕ್ಕೊಂಡು ಬರ್ತಾರೇನವ್ವಾ?” ಎಂದು ನಕ್ಕವರು, ಕುಂಡಕ್ಕೆ ಗೊಬ್ಬರ ಹಾಕುತ್ತ, “ನಿಮ್ಮನೆ ಕಟ್ಟೋಕೆ ಮೊದ್ಲು ಇಲ್ಲೇ ನಮ್ಮಪ್ಪನ ಕಣ ಇತ್ತು” ಎಂದರು. ಈಗ ನನ್ನ ಚಪ್ಪಲಿಯೂ ಮೆಟ್ಟಿಲ ಬಳಿಯೇ ಇರುತ್ತದೆ.