ಹೆಬ್ಬೆಟ್ಟಿನ ಹಾಜರಿ

ನನಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಸಿಂಹಾಸನವೇನಲ್ಲ, ಪ್ಲಾಸ್ಟಿಕ್ಕಿನದಾದರೂ ನಡೆಯುತ್ತಿತ್ತು. ಬಿ.ಎ. ಮುಗಿಸಿದವಳು ನಾನು. ಆದರೂ ಚನ್ನಗಿರಿಯ ನಮ್ಮ ಓಣಿಯ ಕೊನೆಯ ಶೆಡ್ಡಿನಲ್ಲಿ ಅವ್ವನ ಪಕ್ಕ ನೆಲದ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದೆ. ಹಾಗೆ ಕೂತವರಿಗೆ ಸೊಂಟ ಇದ್ದೂ ಇಲ್ಲದ ಹಾಗೆ. ಒಂದು ದಿನ ಆಟೋದ ಮೈಕಿನಲ್ಲಿ ಕೂಗಿಕೊಂಡು ಹೋದರು: ಕೆಲಸವಿಲ್ಲದ ಯುವಕ ಯುವತಿಯರಿಗೆ ಕೇಂದ್ರ ಸರ್ಕಾರ ಪುಕ್ಕಟೆ ಕಂಪ್ಯೂಟರ್ ಕಲಿಸುತ್ತದೆ, ಸರ್ಟಿಫಿಕೇಟ್ ಕೊಡುತ್ತದೆ, ಅದನ್ನು ಹಿಡಿದುಕೊಂಡು ಹೊನ್ನಾಳಿಯ ಉದ್ಯೋಗ ಮೇಳಕ್ಕೆ ಹೋದರೆ ಆಫೀಸಿನ ಕೆಲಸ ಗ್ಯಾರಂಟಿ. ನಾನು ಕೈಯಲ್ಲಿದ್ದ ಅಡಿಕೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

"ಎಲ್ಲಿಗೆ ಹೊಂಟ್ಯೇ?" ಅಂದಳು ಅವ್ವ.

"ಕುರ್ಚಿ ತರಾಕೆ."

ತರಬೇತಿ ಕೇಂದ್ರ ಒಂದು ಪೈಪಿನ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಲಿಸುವ ಮೇಷ್ಟ್ರು ಜಗಳೂರು ಕಡೆಯವರು, ಬಿಳಿಚೋಡಿನವರು. ಒಳ್ಳೆಯ ಮನುಷ್ಯ, ಆದರೆ ಅಡಿಕೆಯನ್ನು ವೀಳ್ಯದೆಲೆಯ ಜೊತೆ ನೋಡಿದ್ದರೇ ಹೊರತು ಸಿಪ್ಪೆಯ ಜೊತೆ ನೋಡಿದವರಲ್ಲ. ಬಾಗಿಲಲ್ಲೇ ಒಂದು ಹಾಜರಿ ಮಷೀನು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಅದರ ಮೇಲೆ ಹೆಬ್ಬೆಟ್ಟು ಒತ್ತಬೇಕು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಮತ್ತೆ ಅದೇ ನೆಲ. ನಮ್ಮಜ್ಜಿ ಬದುಕಿಡೀ ಹೆಬ್ಬೆಟ್ಟು ಒತ್ತಿ ಸಾಕಾಗಿ, "ನೀನಾದ್ರೂ ಸಹಿ ಹಾಕಾದು ಕಲಿಯೇ" ಎಂದು ನನ್ನನ್ನು ಶಾಲೆಗೆ ಅಟ್ಟಿದ್ದಳು. ಡಿಗ್ರಿ ಮುಗಿಸಿ ಬಂದರೆ ಸರ್ಕಾರ ಮತ್ತೆ ಹೆಬ್ಬೆಟ್ಟೇ ಕೇಳಿತು!

ಸರಿ, ಒತ್ತಿದೆ. ಮಷೀನಿನೊಳಗಿನ ಹೆಂಗಸು "ಪ್ಲೀಸ್ ಟ್ರೈ ಅಗೇನ್" ಅಂದಳು. ಇನ್ನೊಮ್ಮೆ ಒತ್ತಿದೆ. "ಪ್ಲೀಸ್ ಟ್ರೈ ಅಗೇನ್." ಒರೆಸಿ ಒತ್ತಿದೆ, ಊದಿ ಒತ್ತಿದೆ, ಉಗುಳು ಹಚ್ಚಿ ಒತ್ತಿದೆ. ಪ್ಲೀಸ್ ಅನ್ನುವ ಮರ್ಯಾದೆ ಬಿಡಲಿಲ್ಲ, ಒಳಗೂ ಬಿಡಲಿಲ್ಲ. ನನ್ನ ಹಿಂದಿದ್ದ ಹುಡುಗಿಯರಿಗೂ ಅದೇ ಪಾಡು. ಮೇಷ್ಟ್ರು ನಮ್ಮನ್ನು ಒಳಗೆ ಕೂರಿಸಿಕೊಂಡರು, ಹಾಜರಿ ಮಾತ್ರ ಬೀಳಲಿಲ್ಲ.

ಹಸಿ ಅಡಿಕೆ ಸುಲಿದವರ ಕೈ ನೀವು ನೋಡಿಲ್ಲದಿದ್ದರೆ ಕೇಳಿ. ಸಿಪ್ಪೆಯ ಚೊಗರು ಬೆರಳಿಗೆ ಮೆತ್ತಿ ಕರ್ರಗಾಗುತ್ತದೆ. ಸಿಪ್ಪೆಯ ನಾರು ಉಜ್ಜಿ ಉಜ್ಜಿ ಬ್ರಹ್ಮ ಬರೆದ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಸರ್ಕಾರ ತರಬೇತಿ ಇಟ್ಟದ್ದು ಸರಿಯಾಗಿ ಸುಲಿಯುವ ಸುಗ್ಗಿಯಲ್ಲಿ. ದಿಲ್ಲಿಯಲ್ಲಿ ಕೂತವರಿಗೆ ನಮ್ಮ ಸುಗ್ಗಿ ಯಾವಾಗ ಅಂತ ಯಾರು ಹೇಳಬೇಕು? ನಾವೆಲ್ಲ ಬೆಳಿಗ್ಗೆ ಸುಲಿದು ಕ್ಲಾಸಿಗೆ ಬಂದು, ಸಂಜೆ ಮತ್ತೆ ಸುಲಿಯಲು ಓಡುವವರು.

ನಮ್ಮ ಬ್ಯಾಚಿನ ಹುಡುಗರ ಕಥೆಯೇ ಬೇರೆ. ಅವರ ಹೆಬ್ಬೆಟ್ಟು ಮೊಬೈಲ್ ಬಿಟ್ಟು ಬೇರೇನನ್ನೂ ಮುಟ್ಟಿದ್ದಲ್ಲ. ಇಟ್ಟ ಕೂಡಲೇ ಮಷೀನು "ಥ್ಯಾಂಕ್ ಯೂ" ಎಂದು ಉಲಿಯುತ್ತಿತ್ತು. ಥ್ಯಾಂಕ್ ಯೂ ಹೇಳಿಸಿಕೊಂಡು ಬೈಕ್ ಹತ್ತಿ ತ್ಯಾವಣಿಗೆ ಕಡೆ ಮಂಡಕ್ಕಿ ಮಿರ್ಚಿ ತಿನ್ನಲು ಹೋದರೆ, ಮತ್ತೆ ಬರುತ್ತಿದ್ದದ್ದು ಸಂಜೆಯ ಥ್ಯಾಂಕ್ ಯೂ ಹೊತ್ತಿಗೆ. ಹೀಗೆ ನಮ್ಮ ಕೇಂದ್ರದಲ್ಲಿ ಬಂದವರಿಗೆ ಹಾಜರಿ ಇರಲಿಲ್ಲ, ಹಾಜರಿ ಇದ್ದವರು ಬರುತ್ತಿರಲಿಲ್ಲ.

"ನಮ್ಮೂರಾಗೆ ಕುರಿ ಕಾಯೋರ ಹೆಬ್ಬೆಟ್ಟೂ ಪಟ್ ಅಂತ ಬರ್ತಾವೆ. ನಿಮ್ದೇನ್ರವ್ವ ಇದು?" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

"ಕುರಿಗೆ ಚೊಗರಿರಲ್ಲ ಸಾರ್," ಅಂದೆ.

ನನ್ನ ಗೆಳತಿಯೊಬ್ಬಳಿದ್ದಳು, ನ್ಯಾಮತಿ ಕಡೆಯವಳು. ಅತ್ತೆಯ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ಅವಳು ದಿನಕ್ಕೊಂದು ಮದ್ದು ತರುತ್ತಿದ್ದಳು. ನಿಂಬೆಹಣ್ಣು ಉಜ್ಜಿದೆವು. ಹುಣಸೆಹಣ್ಣು ಉಜ್ಜಿದೆವು. ಸೀಮೆಎಣ್ಣೆ ಹಚ್ಚಿದ ದಿನ ಮೇಷ್ಟ್ರು ಹೆದರಿ ಅಗರಬತ್ತಿ ಆರಿಸಿದರು. ಟೂತ್‌ಪೇಸ್ಟ್ ಹಚ್ಚಿದ ಮೇಲಂತೂ ಬೆರಳು ಘಮಘಮ ಅಂದಿತು, ಮಷೀನು ಮಾತ್ರ ಪ್ಲೀಸ್ ಅಂದಿತು. ಕೊನೆಗೆ ಅವಳು ತಮ್ಮ ಕಡೆಯ ಸೂರಗೊಂಡನಕೊಪ್ಪದ ಗುಡಿಗೆ ಹರಕೆ ಹೊತ್ತಳು. ಬೇರೆಯವರು ಗಂಡು ಸಿಗಲಿ, ಮಗು ಆಗಲಿ ಎಂದು ಹೊರುತ್ತಾರೆ, ಇವಳು ಹೆಬ್ಬೆಟ್ಟು ಬರಲಿ ಎಂದು ಹೊತ್ತಳು. "ಕಾಲಿನ ಹೆಬ್ಬೆಟ್ಟು ಆಗಲ್ವಾ ಸಾರ್?" ಎಂದು ಒಂದು ದಿನ ಚಪ್ಪಲಿ ಬಿಟ್ಟೇ ನಿಂತಳು. ಮೇಷ್ಟ್ರು ಕೈಮುಗಿದರು.

ಅಷ್ಟರಲ್ಲಿ ಮೇಲಿನಿಂದ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಲ್ಯಾಪ್‌ಟಾಪ್ ತೆಗೆದು ನೋಡಿದರು, ತಲೆಯೆತ್ತಿ ಹಾಲ್ ನೋಡಿದರು. ಲ್ಯಾಪ್‌ಟಾಪಿನಲ್ಲಿ ಬರೀ ಹುಡುಗರು, ಹಾಲ್ ತುಂಬ ಬರೀ ಹುಡುಗಿಯರು.

"ಇವರೆಲ್ಲ ಯಾರ್ರೀ?"

"ಗೈರುಹಾಜರಿಯವರು ಸಾರ್," ಅಂದರು ಮೇಷ್ಟ್ರು.

"ಗೈರುಹಾಜರಿಯವರು ಯಾಕೆ ಬಂದಿದಾರೆ?"

"ಅವರು ದಿನಾ ಬರ್ತಾರೆ ಸಾರ್. ಒಂದಿನಾನೂ ತಪ್ಸಲ್ಲ."

ನನಗೆ ತಡೆಯಲಾಗಲಿಲ್ಲ. ಎದ್ದು ಎರಡೂ ಕೈ ಅವರ ಮುಖಕ್ಕೆ ಹಿಡಿದೆ. ಸಾಹೇಬರು ಹಿಂದೆ ಸರಿದು, ನಿಧಾನವಾಗಿ ಅರ್ಥ ಮಾಡಿಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದರು: "ನೋಡಮ್ಮ, ಕೆಲಸ ಸಿಗಬೇಕು ಅಂದರೆ ಮೊದಲು ಈ ಕೆಲಸ ಮಾಡೋದು ನಿಲ್ಲಿಸಬೇಕು."

"ಅಲ್ರೀ ಸಾರ್, ಈ ಯೋಜನೆ ಇರಾದು ಕೆಲ್ಸ ಇಲ್ದೋರಿಗಾ, ಕೆಲ್ಸ ಮಾಡದೇ ಇರೋರಿಗಾ?"

ಅವರು ಟೀ ಕುಡಿದು ಹೋದರು. ಹಾಜರಿ ಸರಿಹೋಗದಿದ್ದರೆ ಪರೀಕ್ಷೆ ಇಲ್ಲ ಅನ್ನುವ ಮಾತು ಮಾತ್ರ ಗಟ್ಟಿಯಾಗಿ ಉಳಿಯಿತು. ಮನೆಗೆ ಬಂದು ಕಂಪ್ಯೂಟರಿಗೂ ಸರ್ಕಾರಕ್ಕೂ ಸೇರಿಸಿ ಸಹಸ್ರನಾಮ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡು ನನ್ನ ಅಡಿಕೆ ಸುಲಿಯುವ ಕತ್ತಿಯನ್ನು ತನ್ನ ಕಡೆ ಎಳೆದುಕೊಂಡಳು.

"ನೀನು ಇವತ್ತಿಂದ ಅಡಿಕೆ ಮುಟ್ಟಂಗಿಲ್ಲ. ನಿನ್ ಪಾಲಿಂದೂ ನಾನೇ ಸುಲೀತೀನಿ."

"ಹೆಂಗವ್ವ? ನಿನ್ ಕೈಲಿ ಆಗ್ತೈತಾ?"

"ಬಾಯ್ಮುಚ್ಚು. ಬೆರಳು ನೋಡ್ಕೋ."

ಅಂದಿನಿಂದ ನಮ್ಮ ಮನೆಯಲ್ಲಿ ನನಗಿಂತ ನನ್ನ ಹೆಬ್ಬೆಟ್ಟಿಗೇ ಮರ್ಯಾದೆ ಜಾಸ್ತಿ. ಪಾತ್ರೆ ತಿಕ್ಕುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಖಾರ ಅರೆಯುವಂತಿಲ್ಲ. ಬಾಣಂತಿಯ ಮಗುವಿಗೆ ಹಚ್ಚುವ ಹಾಗೆ ಅವ್ವ ದಿನಾ ಕೊಬ್ಬರಿ ಎಣ್ಣೆ ಹಚ್ಚಿ ನೀವುತ್ತಿದ್ದಳು. ಮುದ್ದೆಯನ್ನು ಸ್ಪೂನಿನಲ್ಲಿ ತಿನ್ನುವ ಅವಮಾನವನ್ನೂ ಅನುಭವಿಸಿದೆ. ಓಣಿಯವರು ನನ್ನ ಕ್ಷೇಮ ಕೇಳುವುದು ಬಿಟ್ಟು, "ಹೆಬ್ಬೆಟ್ಟು ಹೆಂಗೈತವ್ವ? ಏನಾರ ಗೆರೆ ಮೂಡಿದ್ವಾ?" ಎಂದು ಕೇಳತೊಡಗಿದರು. ಎದುರು ಮನೆಯ ಅಜ್ಜಿ ದೃಷ್ಟಿ ತೆಗೆದಳು, ಬರೀ ಬೆರಳಿಗೆ!

ಒಂದು ಬೆಳಿಗ್ಗೆ ಮಷೀನು "ಥ್ಯಾಂಕ್ ಯೂ" ಅಂದಿತು. ನಾನು ಕಿರುಚಿದ ಕಿರುಚಿಗೆ ಕೆಳಗಿನ ಪೈಪಿನ ಅಂಗಡಿಯವರು ಯಾರೋ ಬಿದ್ದರೆಂದು ಮೇಲೆ ಓಡಿ ಬಂದರು. ಗೆಳತಿಯದೂ ಆ ವಾರವೇ ಬಂತು, ಅವಳು ಹರಕೆ ತೀರಿಸಲು ಹೋದಳು. ಅಲ್ಲಿಯವರೆಗೆ ತಪ್ಪಿದ್ದ ಹಾಜರಿಗೆ ಮೇಷ್ಟ್ರು ಮೇಲಿನವರ ಕೈಕಾಲು ಹಿಡಿದರು. ಪರೀಕ್ಷೆ ಬರೆದು ಪಾಸಾದೆ.

ಹೊನ್ನಾಳಿಯ ಮೇಳಕ್ಕೆ ಎರಡು ಬಸ್ ಬದಲಿಸಿ, ನಿಂತುಕೊಂಡೇ ಹೋದೆ. ಅಲ್ಲಿ ಒಂದು ಮೇಜಿನ ಹಿಂದೆ ಕೂತಿದ್ದವರು ಯಾರು ಅಂತೀರಿ? ಅದೇ ಪೈಪಿನ ಅಂಗಡಿಯ ಮಾಲೀಕರು!

"ಏನವ್ವ, ನೀನು ಮೇಲೆ ಕಿರುಚಿದ ಹುಡುಗಿ ಅಲ್ವಾ? ಇಷ್ಟು ದೂರ ಯಾಕೆ ಬಂದೆ?"

"ನೀವ್ಯಾಕೆ ಬಂದ್ರಿ ಅಣ್ಣಾರೆ?"

"ಇಲ್ಲಿಂದ ಸರ್ಟಿಫಿಕೇಟ್ ಇರೋರ್ನ ತಗಂಡ್ರೆ ಸರ್ಕಾರ ನಮಗೂ ಏನೋ ಕೊಡ್ತೈತಂತೆ ಕಣವ್ವ. ಬಿಲ್ ಹಾಕಾಕೆ ಬರ್ತೈತಾ?"

ಹೀಗೆ ಚನ್ನಗಿರಿಯ ಕೆಲಸವನ್ನು ಹೊನ್ನಾಳಿಯಿಂದ ಹೊತ್ತು ತಂದೆ. ಕುರ್ಚಿ ಸಿಕ್ಕಿತು, ಅದೂ ಚಕ್ರವಿರುವ ಕುರ್ಚಿ. ಮೊದಲ ದಿನ ಮಾಲೀಕರು ಊಟಕ್ಕೆ ಹೋದಾಗ ಅದರಲ್ಲಿ ಕೂತೇ ಅಂಗಡಿಯ ತುಂಬ ಉರುಳಿಕೊಂಡು ಬಂದೆ. ಎಷ್ಟು ಖುಷಿಯಾಯಿತೆಂದರೆ, ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ತಿಂಗಳ ಕೊನೆಗೆ ರೇಷನ್ ಅಂಗಡಿಯಿಂದ ಫೋನ್ ಬಂತು, ನಿಮ್ಮವ್ವನದು ತಕರಾರು, ಬೇಗ ಬಾ ಎಂದು. ಓಡಿದೆ. ಕ್ಯೂ ಪೂರ್ತಿ ಅವಳ ಹಿಂದೆ ನಿಂತು ಗೊಣಗುತ್ತಿತ್ತು. ಅಂಗಡಿಯವನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಷೀನಿಗೆ ಒತ್ತಿ ನೋಡುತ್ತಿದ್ದ. ಒಂದನ್ನೂ ಅದು ಒಪ್ಪುತ್ತಿರಲಿಲ್ಲ. ಹಿಂದಿನ ಸುಗ್ಗಿಗಳಲ್ಲೆಲ್ಲ ಹೇಗೋ ಬರುತ್ತಿತ್ತು. ಈ ಸಲ ಸುಲಿದದ್ದು ಇಬ್ಬರ ಪಾಲು. ನಾನು ಅವಳ ಕೈ ತಿರುಗಿಸಿ ನೋಡಿದೆ. ಗೆರೆ ಹಾಗಿರಲಿ, ಸರಿಯಾದ ಚರ್ಮವೇ ಇರಲಿಲ್ಲ.

"ಇಷ್ಟಾದ್ರೂ ಯಾಕವ್ವ ಹೇಳಲಿಲ್ಲ?"

"ಏನು ಹೇಳಾದು ಅದ್ರಾಗೆ? ನಿಂದು ಬಂತಲ್ಲ. ಮನೆಗೊಂದು ಹೆಬ್ಬೆಟ್ಟು ಇದ್ರೆ ಸಾಕು ಬಿಡೇ. ಒತ್ತು ಬೇಗ, ಜನ ಕಾಯ್ತಾ ನಿಂತಾರೆ."

ಒತ್ತಿದೆ. ಮಷೀನು ಒಪ್ಪಿತು, ಅಂಗಡಿಯವನು ಅಕ್ಕಿ ಅಳೆದು ಕೊಟ್ಟ. ನಾನು ಚೀಲ ಎತ್ತಲು ಬಗ್ಗಿದರೆ ಅವ್ವ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಚೀಲವನ್ನು ತಾನೇ ತಲೆಗೇರಿಸಿಕೊಂಡಳು.

"ಬೆರಳು ಜೋಪಾನ," ಅಂದಳು.